ರುಮಾಲಿನ ಒಳಗಿನ ಕಾರಣ

ಇಪ್ಪತ್ತಾರನೆಯ ವಯಸ್ಸಿಗೆ ನನ್ನ ಕೂದಲು ಉದುರಲು ಶುರುವಾದಾಗ ಕಲಬುರಗಿಯ ಕಾಳಿನ ಪೇಟೆಯಾದ ನೆಹರು ಗಂಜಿನಲ್ಲಿ ಕಾರಣ ಹೇಳದವರು ಯಾರೂ ಉಳಿಯಲಿಲ್ಲ. ತೊಗರಿಯ ದರ ಕೇಳಿದರೆ ಹತ್ತು ಸಲ ಯೋಚಿಸಿ ಬಾಯಿ ಬಿಡುವ ವ್ಯಾಪಾರಿಗಳು ನನ್ನ ತಲೆ ಕಂಡ ಕೂಡಲೇ ಕೇಳದೆಯೇ ಹೇಳುತ್ತಿದ್ದರು. ಬ್ರಹ್ಮಪುರದ ನನ್ನ ಬಾಡಿಗೆ ಖೋಲಿಯ ಬೋರಿನ ಸವಳು ನೀರೇ ಕಾರಣ ಅಂದರು ಒಬ್ಬರು. ಬಿಸಿಲಲ್ಲಿ ಬರಿದಲೆಯಲ್ಲಿ ತಿರುಗುತ್ತೀ, ಅದಕ್ಕೆ ಅಂದರು ಇನ್ನೊಬ್ಬರು. ಅವರ ಮಾತು ಕೇಳಿ ಟೊಪ್ಪಿಗೆ ಹಾಕಿಕೊಂಡರೆ, ಟೊಪ್ಪಿಗೆಯೊಳಗೆ ಗಾಳಿಯಾಡದೆ ಬುಡ ಸಾಯುತ್ತದೆ ಎಂದು ಮೂರನೆಯವರು ಅದನ್ನು ತೆಗೆಸಿದರು. ನನ್ನ ಹಾಗೆಯೇ ದಲಾಲಿ ಮಾಡುತ್ತಿದ್ದ ಗೆಳೆಯನೊಬ್ಬನಿದ್ದ. ಮನೆಯಲ್ಲಿ ದಖನಿ ಉರ್ದು, ಗಂಜಿನಲ್ಲಿ ನಮ್ಮ ಜೊತೆ ಕನ್ನಡ. ಅವನ ಕಾರಣ ಬೇರೆಯೇ ಇತ್ತು.

"ನೀ ದಿನಾ ಸುಳ್ಳು ಹೇಳಿ ಹೇಳಿ ದಿಮಾಗ್ ಗರಂ ಮಾಡ್ಕೊಂಡೀ ಮಿಯಾ. ಕೆಳಗ ಬೆಂಕಿ ಹತ್ಯಾದ, ಮ್ಯಾಲ ಬಾಲ್ ಹ್ಯಾಂಗ ನಿಲ್ತಾವ?"

"ಹಂಗಾದ್ರ ನಿನ್ನ ತಲಿ ಯಾವಾಗೋ ಬೋಳಾಗಬೇಕಿತ್ತಲ್ಲೋ," ಅಂದೆ.

ನಗುವಿನ ಮಾತು ಹಾಗಿರಲಿ, ಒಳಗೆ ನನಗೆ ಸಂಕಟವೇ ಇತ್ತು. ಗರುಗದ ಸೊಪ್ಪಿನ ಎಣ್ಣೆ ಹಚ್ಚಿದೆ. ಉಳ್ಳಾಗಡ್ಡಿ ರಸ ಹಚ್ಚಿಕೊಂಡು ಮಲಗಿದೆ. ದಿಂಬಿಗೆ ಘಾಟು ಹತ್ತಿತೇ ಹೊರತು ತಲೆಗೆ ಏನೂ ಹತ್ತಲಿಲ್ಲ. ಹದಿನಾರಕ್ಕೆ ಕಮಲಾಪುರದಿಂದ ಬಂದು, ಚೀಲ ಹೊಲಿಯುವುದರಿಂದ ಹಿಡಿದು ತೂಕ ಹಿಡಿಯುವುದರವರೆಗೆ ಎಲ್ಲ ಮಾಡಿ, ಯಾರ ಹಂಗೂ ಇಲ್ಲದೆ ದಲಾಲಿಗೆ ಇಳಿದವನು ನಾನು. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರುವಿಕೊಂಡು ನೋಡದೆ ಒಂದು ಮಾತೂ ಆಡುತ್ತಿರಲಿಲ್ಲ. ಅಂಥವನು ನನ್ನ ತಲೆಯ ವಿಷಯದಲ್ಲಿ ಮಾತ್ರ ಮಾಲು ನೋಡದವರ ಮಾತನ್ನೆಲ್ಲ ನಂಬಿಕೊಂಡು ಓಡಾಡಿದೆ. ಈ ಬರಹ ಓದುವ ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ: ಕಾರಣ ಗೊತ್ತಾಗುವ ಮುಂಚೆ ಔಷಧ ಕೊಳ್ಳಬೇಡಿ.

ಕಾರಣ ಗೊತ್ತಾಗಲೇಬೇಕಾದ ಪ್ರಸಂಗ ಬಂದದ್ದು ಮದುವೆಯ ಮಾತಿನಲ್ಲಿ.

ಹುಡುಗಿ ಬ್ರಹ್ಮಪುರದವಳೇ. ಕನ್ನಡ ಶಾಲೆಯಲ್ಲಿ ಟೀಚರ್. ತಂದೆ ಇರಲಿಲ್ಲ, ಕೋರ್ಟಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ನೌಕರಿಯಲ್ಲಿದ್ದ ಸೋದರಮಾವನೇ ಮಾತುಕತೆಗೆ ಮುಂದಾಗಿದ್ದರು. ನೋಡಲು ಹೋದ ದಿನ ಆಕೆ ಚಹಾ ಇಟ್ಟು ಹೋಗುವಾಗ ನನ್ನನ್ನು ನೇರವಾಗಿ ನೋಡಿದಳು. ನೋಡಿಯೂ ನೋಡದ ಹಾಗೆ ಮಾಡುವ ಆಟ ಅವಳಲ್ಲಿರಲಿಲ್ಲ. ಆ ಒಂದು ನೋಟಕ್ಕೆ, ಈ ಸಂಬಂಧ ಕೈ ತಪ್ಪಬಾರದು ಎಂದು ನಾನು ಅಲ್ಲೇ ತೀರ್ಮಾನಿಸಿಬಿಟ್ಟೆ. ಹಾಗೆ ತೀರ್ಮಾನಿಸಿದ್ದೇ ತಪ್ಪಾಯಿತು. ಕೊಳ್ಳಲೇಬೇಕು ಎಂದುಕೊಂಡವನ ಬಾಯಿ ಹದ ತಪ್ಪುತ್ತದೆ.

ಮಾವ ನನ್ನ ಹಣೆಯ ಮೇಲೆ ಕಣ್ಣಿಟ್ಟು ಮೆಲ್ಲಗೆ ಕೇಳಿದರು. "ನಿಮ್ಮ ಮನಿತನದಾಗ ಬಕ್ಕತಲಿ ಅದಾ ಏನ್ರಿ?"

"ಏಳು ತಲಿಮಾರಿನಾಗ ಒಬ್ಬರಿಗೂ ಇಲ್ರಿ," ಅಂದೆ, ಮಾಲಿಗೆ ಜಾಮೀನು ನಿಂತವನ ಹಾಗೆ. "ನಮ್ಮಪ್ಪಗ ಅರವತ್ತು ದಾಟ್ಯಾದ. ಬೇಕಾದ್ರ ಬಂದು ನೋಡ್ರಿ."

ಸುಳ್ಳಲ್ಲ, ನಾನು ಹಾಗೆಯೇ ನಂಬಿದ್ದೆ.

ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮಾವ ಗಂಜಿಗೇ ಬಂದರು. ಅಂಗಡಿಯ ಕಟ್ಟೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಚಹಾ ಬೇಡ ಅಂದರು. ಚಹಾ ಬೇಡ ಅಂದವರು ಒಳ್ಳೆಯ ಸುದ್ದಿ ತಂದಿರುವುದಿಲ್ಲ.

"ನಿಮ್ಮ ಮನ್ಯಾಗ ಯಾರಿಗೂ ಇಲ್ಲ ಅಂದ್ರಿ. ಹೌದಲ್ಲ?"

"ಹೌದ್ರಿ."

"ಹಂಗಾದ್ರ ನಿಮಗ ಹ್ಯಾಂಗ ಬಂತ್ರಿ? ಮನಿದಲ್ಲ ಅಂದ್ರ ಬ್ಯಾನಿದು ಇರಬೇಕು. ನಿಮಗ ಹೋದ ವರ್ಷ ಏನೋ ದೊಡ್ಡ ಬ್ಯಾನಿ ಬಂದಿತ್ತಂತ ಕೇಳೀನಿ."

ಟೈಫಾಯ್ಡ್ ಬಂದಿತ್ತು, ನಿಜ. ಅದನ್ನೇ ಹೇಳಿದೆ. ಅವರು ಕೇಳುವಷ್ಟು ಕೇಳಿ ಮೇಲೆದ್ದರು.

"ನಮ್ಮ ಅಕ್ಕನ ಗಂಡನ ಬ್ಯಾನಿ ಹಿಂಗೇ ಮುಚ್ಚಿಟ್ಟು ಮದುವಿ ಮಾಡಿದ್ರು. ಮೂರು ವರ್ಷಕ್ಕ ಆಕಿ ಹಣಿ ಬರಿದಾತು. ಆಗ ಈ ಹುಡುಗಿ ಕೈಗೂಸು. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಕಾರಣ ಹೇಳ್ರಿ, ಹುಣ್ಣಿಮಿ ಒಳಗ. ತಿಳೀಲಾರದೆ ನಾ ಹುಡುಗೀನ ಕೊಡಾಂಗಿಲ್ಲ."

ಒಬ್ಬ ಮನುಷ್ಯ ಇಷ್ಟು ಸರಿಯಾಗಿ ಮಾತಾಡಿದಾಗ ಅವನ ಜೊತೆ ಚೌಕಾಸಿ ಮಾಡಲು ಬರುವುದಿಲ್ಲ. ನಾನು ಡಾಕ್ಟರ ಹತ್ತಿರ ಓಡಿದೆ. ರಕ್ತ ನೋಡಿದರು, ಎದೆಯ ಫೋಟೊ ತೆಗೆಸಿದರು, ಯಾವ ದೋಷವೂ ಇಲ್ಲ ಅಂದರು. "ಗಂಡಸರಲ್ಲಿ ಹೀಗಾಗುವುದು ಹೆಚ್ಚಾಗಿ ಮನೆತನದಿಂದ. ನಿಮ್ಮಲ್ಲಿ ಯಾರಿಗಾದರೂ ಇದೆಯೇ?" ಎಂದು ಕೇಳಿದರು. ಇಲ್ಲ ಅಂದೆ. ಡಾಕ್ಟರು ಪೆನ್ನು ಮುಚ್ಚಿ, "ಹಾಗಾದರೆ ಖಚಿತವಾಗಿ ಹೇಳುವುದು ಕಷ್ಟ," ಅಂದರು. ಆರೋಗ್ಯ ಸರಿಯಿದೆ ಎಂದು ಅವರು ಬರೆದುಕೊಟ್ಟ ಕಾಗದ ತೋರಿಸಿದರೆ ಮಾವ ಅದನ್ನು ಓದಿ ಮಡಿಚಿ ವಾಪಸು ಕೊಟ್ಟರು. "ಇಂಥವು ದಿನಕ್ಕ ಹತ್ತು ನನ್ನ ಟೇಬಲ್ ಮ್ಯಾಲ ಬರ್ತಾವ್ರಿ. ಇದರಾಗ ಏನಿಲ್ಲ ಅನ್ನೋದು ಅದ. ಏನದ ಅನ್ನೋದು ಎಲ್ಲದ?"

ಹುಣ್ಣಿಮೆಗೆ ಆರು ದಿನ ಉಳಿದಿತ್ತು. ಕಮಲಾಪುರದ ಬಸ್ಸು ಹತ್ತಿದೆ.

ಅಲ್ಲಿ ಬಸ್ ನಿಲ್ಲುವ ಜಾಗದ ಹಿಂದೆ ಒಂದು ತಗಡಿನ ಕಟಿಂಗ್ ಅಂಗಡಿ ಇತ್ತು. ನಾನು ಇಷ್ಟೆಲ್ಲ ಬರೆಯುತ್ತಿರುವುದು ಆ ಅಂಗಡಿಯ ಕಾಕಾನ ಸಲುವಾಗಿ. ಮಗುವಾಗಿದ್ದಾಗ ನನ್ನ ಜವಳ ತೆಗೆದವನು ಅವನೇ. ಓದು ಬರಹ ಬರುತ್ತಿರಲಿಲ್ಲ. ಮಾತು ಕಡಿಮೆ. ಕತ್ತರಿ ಹಿಡಿಯುವ ಮುಂಚೆ ಎರಡು ಬೆರಳಿನಿಂದ ತಲೆಯನ್ನು ಒಮ್ಮೆ ಪೂರ್ತಿ ತಡವಿ ನೋಡುತ್ತಿದ್ದ. ಹೊಸ ಅಂಗಡಿಗಳಲ್ಲಿ ಆ ಪದ್ಧತಿಯನ್ನು ನಾನು ಮತ್ತೆ ಕಂಡಿಲ್ಲ.

ನಾನು ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದೆ. ನೀರು, ಬಿಸಿಲು, ಟೊಪ್ಪಿಗೆ, ಟೈಫಾಯ್ಡ್, ಮಾವನ ಮಾತು. ಅವನು ಕೇಳಿಸಿಕೊಳ್ಳುತ್ತಲೇ ಬೆರಳಾಡಿಸಿದ. ಹಣೆಯ ಎರಡು ಮೂಲೆ, ನೆತ್ತಿ, ಕಿವಿಯ ಹಿಂದೆ, ಕುತ್ತಿಗೆಯ ಮೇಲೆ. ಆಮೇಲೆ ಹಿಂದುಗಡೆಯಿಂದ ಒಂದು ಕೂದಲು, ಮುಂದುಗಡೆಯಿಂದ ಒಂದು ಕೂದಲು ಕಿತ್ತು, ಬಿಳಿ ಟವೆಲಿನ ಮೇಲೆ ಪಕ್ಕ ಪಕ್ಕದಲ್ಲಿ ಇಟ್ಟ.

"ನೋಡು ತಮ್ಮಾ. ನೀ ಕಾಳು ನೋಡಾಂವ. ಎರಡೂ ಒಂದೇ ಏನು?"

ಒಂದೇ ಅಲ್ಲ. ಹಿಂದಿನದು ದಾರದ ಹಾಗಿತ್ತು. ಮುಂದಿನದು ಜೇಡರ ಬಲೆಯ ಎಳೆಯ ಹಾಗೆ ಸಣ್ಣಗೆ, ಗಿಡ್ಡಗೆ, ಬಣ್ಣಗೆಟ್ಟು ಬಿದ್ದಿತ್ತು.

"ನಿನ್ನ ಕೂದಲಾ ಉದುರಾಕತ್ತಿಲ್ಲ. ಸಣ್ಣ ಆಗಾಕತ್ಯಾವ. ಒಂದು ಹೋದ ಜಾಗದಾಗ ಬರೋದು ಅದಕ್ಕಿಂತ ಸಣ್ಣದು. ಅದು ಹೋದ್ರ ಇನ್ನೂ ಸಣ್ಣದು. ಕಡೀಕ ಕಣ್ಣಿಗೇ ಕಾಣಾಂಗಿಲ್ಲ. ಜ್ವರದ್ದು ಹಿಂಗ ಇರಾಂಗಿಲ್ಲಪಾ. ಜ್ವರ ಬಂದು ಎರಡು ಮೂರು ತಿಂಗಳಿಗೆ ಇಡೀ ತಲಿ ತುಂಬ ಉದುರ್ತಾವ, ಹಿಂದ ಮುಂದ ಅನ್ನಾಂಗಿಲ್ಲ. ಬಾಚಿದ್ರ ಮುಷ್ಟಿಗಟ್ಲೆ ಬರ್ತಾವ. ಆದ್ರ ಅವು ತಿರುಗಿ ಬರ್ತಾವ. ನಿನ್ನ ಹಿಂದಿಂದು ಮುಟ್ಟಿ ನೋಡ್ಕೋ, ಕಂಬಳಿ ಇದ್ದಂಗ ಅದ."

"ನೀರಿಂದಲ್ಲಾ?"

"ನೀರು ಹಿಂದಿನ ತಲಿಗೆ ಬೀಳಾಂಗಿಲ್ಲೇನು?"

ಗಂಜಿನ ಅಷ್ಟೂ ಮಂದಿಯ ವಾದ ಆ ಒಂದು ಪ್ರಶ್ನೆಗೆ ಮುಗಿದುಹೋಯಿತು. ಟೊಪ್ಪಿಗೆಗೂ ಬಿಸಿಲಿಗೂ ಅದೇ ಉತ್ತರ. ನಾಣ್ಯದಷ್ಟು ದುಂಡಗೆ ನುಣ್ಣಗಾಗಿ ಒಂದೇ ಕಡೆ ಹೋಗುವುದು ಬೇರೆ, ತುರಿಕೆ ಎದ್ದು ಹೊಟ್ಟು ಉದುರಿ ಕೂದಲು ಮುರಿಯುವುದು ಬೇರೆ, ಅವಕ್ಕೆಲ್ಲ ಡಾಕ್ಟರ ಹತ್ತಿರ ಹೋಗಬೇಕು ಎಂದೂ ಹೇಳಿದ. ಎರಡು ಮೂಲೆಯಿಂದ ಏರಿ ನೆತ್ತಿಯ ಕಡೆಗೆ ಹೊರಟದ್ದು ಮಾತ್ರ ಒಂದೇ ಜಾತಿಯದು ಎಂದ.

"ಇದು ಮನಿದು."

"ನಮ್ಮ ಮನ್ಯಾಗ ಯಾರಿಗೂ ಇಲ್ಲಲ್ಲ ಕಾಕಾ."

ಕಾಕಾ ಗೋಡೆಗೆ ತೂಗುಹಾಕಿದ್ದ ಚರ್ಮದ ಪಟ್ಟಿಗೆ ಕತ್ತಿ ತಿಕ್ಕತೊಡಗಿದ. ಆಗಲೇ ಹರಿತವಾಗಿದ್ದ ಕತ್ತಿ ಅದು.

"ಯಾಕ್ ಕಾಕಾ? ಅದಾ ಏನು?"

"ನಿಮ್ಮಪ್ಪಗ ಕೇಳು."

ಆ ಕ್ಷಣ ನನಗೆ ಹೊಳೆಯಿತು. ನಾನು ನನ್ನ ಅಪ್ಪನ ತಲೆಯನ್ನು ಒಮ್ಮೆಯೂ ನೋಡಿರಲಿಲ್ಲ.

ಈಗಿನವರಿಗೆ ಇದು ನಂಬಲು ಕಷ್ಟ. ನಮ್ಮ ಊರಿನ ಹಿರಿಯರು ರುಮಾಲು ಸುತ್ತದೆ ಹೊಸ್ತಿಲು ದಾಟುತ್ತಿರಲಿಲ್ಲ. ಗಂಡಸು ನಾಲ್ಕು ಜನರ ಮುಂದೆ ಬರಿದಲೆಯಲ್ಲಿ ನಿಲ್ಲುವುದು ಮನೆಯಲ್ಲಿ ಸಾವಾದಾಗ ಮಾತ್ರ; ಅಜ್ಜ ತೀರಿಕೊಂಡದ್ದು ನಾನು ಹುಟ್ಟುವ ಮುಂಚೆ. ಅಪ್ಪ ನಾವು ಏಳುವ ಮುಂಚೆ ಸ್ನಾನ ಮುಗಿಸುತ್ತಿದ್ದ. ಬಾಳೆ ತೋಟದಿಂದ ಬೆವೆತು ಬಂದರೂ ರುಮಾಲಿನ ಅಂಚಿನಿಂದಲೇ ಹಣೆ ಒರೆಸಿಕೊಳ್ಳುತ್ತಿದ್ದ. ಮಲಗುವಾಗಲೂ ಒಂದು ಪಂಚೆಯ ತುಂಡು ತಲೆಗೆ. ಅಜ್ಜನೂ ಹಾಗೆಯೇ ಇದ್ದನಂತೆ, ದೊಡ್ಡಪ್ಪನೂ ಹಾಗೆ. ಹದಿನೈದು ದಿನಕ್ಕೊಮ್ಮೆ ಕಾಕಾ ಮನೆಗೆ ಬಂದರೆ ಹಿತ್ತಲಿನ ಬಾಗಿಲು ಮುಚ್ಚುತ್ತಿತ್ತು. ಗಡ್ಡ ಮಾಡಿಸಿಕೊಳ್ಳುವುದಕ್ಕೆ ಬಾಗಿಲೇಕೆ ಎಂದು ನಾವು ಯಾರೂ ಕೇಳಿದವರಲ್ಲ. ಕಂಡಿಲ್ಲದ ತಲೆಗಳನ್ನು ಲೆಕ್ಕಕ್ಕೆ ಹಿಡಿದು ನಾನು ಏಳು ತಲೆಮಾರಿನ ಜಾಮೀನು ಕೊಟ್ಟು ಬಂದಿದ್ದೆ.

"ಕಾಕಾ, ನೀನ ಬಂದು ಆ ಮಾವಗ ಒಂದು ಮಾತು ಹೇಳು. ನಮ್ಮಪ್ಪಂದು, ಅಜ್ಜಂದು, ಎಲ್ಲಾ ನೀ ನೋಡೀದಿ. ನಿನ್ನ ಅಂಗಡಿಗೆ ಹೈದರಾಬಾದಿನ ದೊಡ್ಡ ಕನ್ನಡಿ ತರಿಸಿಕೊಡ್ತೀನಿ."

"ಕನ್ನಡಿ ಅದ."

"ಹಂಗಾದ್ರ ತಿರುಗೋ ಕುರ್ಚಿ."

"ಈ ಕುರ್ಚಿಗೆ ಏನಾಗ್ಯಾದ?" ಎಂದು ಕತ್ತಿ ಮಡಿಚಿದ. "ನಾ ಒಬ್ಬರ ತಲಿ ಸುದ್ದಿ ಇನ್ನೊಬ್ಬರಿಗೆ ಹೇಳಿಲ್ಲ ತಮ್ಮಾ. ಇವತ್ತು ನಿನಗ ನಿಮ್ಮಪ್ಪಂದು ಹೇಳಿದ್ರ, ನಾಳಿ ಊರಿಗೆ ನಿಂದೂ ಹೇಳ್ತೀನಿ. ಆಮ್ಯಾಲ ನನ್ನ ಮುಂದ ಯಾರು ಕೂಡ್ತಾರ?"

ಗಂಜಿನಲ್ಲಿ ಎಷ್ಟೋ ಗಟ್ಟಿ ಆಸಾಮಿಗಳನ್ನು ಬಗ್ಗಿಸಿದ್ದೇನೆ. ಹೇಗಾದರೂ ಒಂದು ಬಿರುಕು ಸಿಗುತ್ತದೆ. ಆ ತಗಡಿನ ಅಂಗಡಿಯಲ್ಲಿ ನನಗೆ ಒಂದೂ ಸಿಗಲಿಲ್ಲ. ನನ್ನ ಮದುವೆ ಮುರಿಯುವ ಹಾಗಿದ್ದರೂ ಅವನು ಬಾಯಿ ಬಿಡಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ಬಾಯಿಯಿಂದಲೇ ಅನ್ನ ತಿನ್ನುವ ನನಗೆ, ಬಾಯಿ ಮುಚ್ಚಿಕೊಂಡು ಬದುಕು ಕಟ್ಟಿದವನ ಎದುರು ಕೂತ ಹಾಗಾಯಿತು.

ಸಂಜೆ ಅಪ್ಪನ ಹತ್ತಿರ ಹೋದೆ. ಅಪ್ಪ ಕೆಂಪು ಬಾಳೆಯ ಗೊನೆಗಳಿಗೆ ಊರುಗೋಲು ಕೊಡುತ್ತಿದ್ದ.

"ಕಾಕಾನ ಹತ್ರ ಹೋಗಿದ್ದೆ. ನನ್ನ ತಲಿ ಸಲುವಾಗಿ."

"ಏನಂದ?"

"ಮನಿದು ಅಂದ. ನಿನಗ ಕೇಳಂದ."

"ಮತ್ತೇನಂದ?"

"ಮತ್ತೇನೂ ಹೇಳಲಿಲ್ಲ. ಎಷ್ಟ್ ಕೇಳಿದ್ರೂ ಹೇಳಲಿಲ್ಲ."

ಅಪ್ಪ ತಲೆಯಾಡಿಸಿದ. ಅದರಲ್ಲಿ ಒಂದು ಸಮಾಧಾನ ಇತ್ತು. ನಾನು ಹುಡುಗಿಯ ವಿಷಯ, ಅವಳ ತಂದೆಯ ವಿಷಯ, ಹುಣ್ಣಿಮೆಯ ವಿಷಯ ಎಲ್ಲ ಹೇಳಿದೆ. ಕೇಳಬೇಕಾದ್ದನ್ನು ಮಾತ್ರ ಬಾಯಿ ಬಿಟ್ಟು ಕೇಳಲಾಗಲಿಲ್ಲ. ಪರರ ಮುಂದೆ ರುಮಾಲು ತೆಗೆ ಎಂದು ಅಪ್ಪನಿಗೆ ಹೇಳುವುದು ಹೇಗೆ? ಅವನು ಇನ್ನೂ ಎರಡು ಗಿಡಕ್ಕೆ ಕೋಲು ಕೊಟ್ಟು, ಕೈ ಕೊಡವಿ, ಊರ ಕಡೆ ನಡೆದ. ಮನೆಗೆ ಹೋಗಲಿಲ್ಲ, ಕಾಕಾನ ಅಂಗಡಿಗೆ ಹೋದ. ಒಳಗೆ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದವನು ಇಷ್ಟೇ ಹೇಳಿದ: "ಅವರಿಗೆ ಮನಿ ನೋಡಾಕ ಬರಾಕ ಹೇಳು. ಹುಣ್ಣಿಮಿ ಹಿಂದಿನ ದಿನ, ಮುಂಜಾನಿ."

ಈ ನಡುವೆ ಒಂದು ಮಾತು. ಎರಡು ಸಾವಿರದ ಇಸವಿಯ ಆಚೆಗೆ ಕಲಬುರಗಿಯಲ್ಲೂ ಚರ್ಮದ ಡಾಕ್ಟರುಗಳು ಹೆಚ್ಚಾದರು. ನನ್ನ ಮಗನ ಹಣೆ ಏರತೊಡಗಿದಾಗ ಅವನನ್ನು ಕರೆದುಕೊಂಡು ಹೋಗಿದ್ದೆ. ಅವರು ಒಂದು ಭೂತಗನ್ನಡಿ ಹಿಡಿದು ಹಿಂದಿನ ಕೂದಲು, ಮುಂದಿನ ಕೂದಲು ಹೋಲಿಸಿ ನೋಡಿದರು. ಗಂಡಸಿನ ಮೈಯಲ್ಲಿ ಹುಟ್ಟುವ ಹಾರ್ಮೋನಿಗೆ ಕೆಲವರ ಕೂದಲ ಬುಡ ಬೇಗ ಸೋಲುತ್ತದೆ, ಪ್ರತಿ ಸುತ್ತಿಗೂ ಕೂದಲು ಸಣ್ಣದಾಗುತ್ತ ಹೋಗುತ್ತದೆ, ಆ ಗುಣ ತಂದೆಯ ಕಡೆಯಿಂದಲೂ ಬರಬಹುದು, ತಾಯಿಯ ಕಡೆಯಿಂದಲೂ ಬರಬಹುದು ಎಂದು ಹೇಳಿದರು. ಹಾರ್ಮೋನು ಎಂಬ ಪದ ಒಂದನ್ನು ಬಿಟ್ಟರೆ ಅದೆಲ್ಲ ನಾನು ತಗಡಿನ ಅಂಗಡಿಯಲ್ಲಿ ಕೇಳಿದ್ದೇ. ಇರುವುದನ್ನು ಉಳಿಸಿಕೊಳ್ಳುವ ಔಷಧಗಳು ಈಗ ಇವೆಯಂತೆ, ಬೇಗ ಹೋದಷ್ಟೂ ಒಳ್ಳೆಯದಂತೆ. ಬೇಕಾದವರು ಕೇಳಿ ತಿಳಿದುಕೊಳ್ಳಿ. ದಿಢೀರನೆ ಉದುರಿದರೆ ಮಾತ್ರ ತಡಮಾಡದೆ ತೋರಿಸಿ. ಎಣ್ಣೆಯ ಶೀಶೆಯ ಮೇಲಿನ ಚಿತ್ರ ನೋಡಿ ಮರುಳಾಗಬೇಡಿ. ಆ ಚಿತ್ರದವನು ಹುಟ್ಟುತ್ತಲೇ ದಟ್ಟ ಕೂದಲಿನವನು.

ಹುಣ್ಣಿಮೆಯ ಹಿಂದಿನ ದಿನ ಮುಂಜಾನೆ ಮಾವ ಬಂದರು. ಜೊತೆಗೆ ಹುಡುಗಿಯ ತಾಯಿ, ಅವರ ಹಿಂದೆ ಹುಡುಗಿಯೂ. ಮನೆ ನೋಡಲು ಹುಡುಗಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಇರೋಳು ನಾನು, ನಾನೇ ನೋಡಬೇಕು ಎಂದು ಹಟ ಹಿಡಿದಳಂತೆ. ಅವ್ವ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂರಿಸಿದಳು. ಅಪ್ಪ ಎಲ್ಲೂ ಕಾಣಲಿಲ್ಲ. ಆಗ ಹಿತ್ತಲಿನಿಂದ ಅವನ ದನಿ ಬಂತು.

"ಬೀಗರು ಬಂದ್ರೇನು? ಇಲ್ಲೇ ಕರ್ಕೊಂಡ್ ಬಾ. ನಾ ಗಡ್ಡಕ್ಕ ಕೂತೀನಿ."

ಕ್ಷೌರದ ಹೊತ್ತಿಗೆ ಹಿತ್ತಲಿನ ಬಾಗಿಲು ಮೊದಲ ಸಲ ಪೂರ್ತಿ ತೆರೆದಿತ್ತು. ಅಪ್ಪ ಮಣೆಯ ಮೇಲೆ ಕೂತಿದ್ದ. ಹೆಗಲ ಸುತ್ತ ಒಗೆದ ಬಿಳಿ ಟವೆಲು, ಗದ್ದಕ್ಕೆ ಸೋಪಿನ ನೊರೆ, ಕೈಯಲ್ಲಿ ಚಿಕ್ಕ ಕನ್ನಡಿ. ಬದಿಯಲ್ಲಿ ಕುಕ್ಕುರುಗಾಲಿನಲ್ಲಿ ಕಾಕಾ. ರುಮಾಲು ಮಡಿಚಿ ಅಪ್ಪನ ಮೊಣಕಾಲ ಮೇಲೆ ಇತ್ತು. ಅಪ್ಪನ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಕಿವಿಯಿಂದ ಕಿವಿಗೆ ಹಿಂದುಗಡೆ ಒಂದು ಬೆಳ್ಳಗಿನ ಅಂಚು, ಅಷ್ಟೇ.

ನನಗೆ ಕಾಕಾನ ಉಪಾಯ ಆಗ ಅರ್ಥವಾಯಿತು. ಕ್ಷೌರಕ್ಕೆ ಕೂತವನು ಬರಿದಲೆಯಲ್ಲಿದ್ದರೆ ಅವಮಾನವಿಲ್ಲ, ಸೂತಕವೂ ಅಲ್ಲ. ಅದು ಪ್ರತಿ ಗಂಡಸೂ ಕೂರುವ ರೀತಿ. ಅಪ್ಪ ಯಾರ ಮುಂದೆಯೂ ರುಮಾಲು ಬಿಚ್ಚಲಿಲ್ಲ. ಬಂದವರು ಅವನು ಗಡ್ಡ ಮಾಡಿಸಿಕೊಳ್ಳುವ ಹೊತ್ತಿಗೆ ಬಂದರು, ಅಷ್ಟೇ. ಕಾಕಾನೂ ಯಾರ ಸುದ್ದಿಯನ್ನೂ ಹೇಳಲಿಲ್ಲ. ಒಬ್ಬರ ಮಾನ, ಇನ್ನೊಬ್ಬರ ನೇಮ, ಎರಡಕ್ಕೂ ಗೀರು ಬೀಳದ ಹಾಗೆ ಒಂದು ವ್ಯವಹಾರ ಮುಗಿಸುವ ಇಂಥ ಬುದ್ಧಿಯನ್ನು ನಾನು ಇಡೀ ಗಂಜಿನಲ್ಲಿ ಕಂಡಿಲ್ಲ.

ಮಾವ ಅಪ್ಪನ ತಲೆ ನೋಡಿದರು, ನನ್ನ ತಲೆ ನೋಡಿದರು, ಮತ್ತೆ ಅಪ್ಪನದು.

"ನಿಮಗ ಯಾವ ವಯಸ್ಸಿಗೆ ಶುರು ಆತ್ರಿ?"

"ಇವನ ವಯಸ್ಸಿಗೇರಿ. ನಮ್ಮಪ್ಪಂದೂ ಹಂಗೇ ಇತ್ತು. ಅವ ಎಂಬತ್ತು ವರ್ಷ ಬಾಳಿದ. ನನಗ ಇನ್ನೂ ಜ್ವರ ಅಂತ ಮಲಗಿದ್ದು ನೆನಪಿಲ್ಲ."

ಮಾವನ ಮುಖ ಸಡಿಲವಾಯಿತು. ಆದರೆ ಕೋರ್ಟಿನಲ್ಲಿ ಕೂದಲು ಸೀಳಿದ ಮನುಷ್ಯ. ನನ್ನ ಕಡೆ ತಿರುಗಿದರು.

"ಕಾರಣ ಸಿಕ್ತು. ಸಂತೋಷ. ಆದ್ರ ಏಳು ತಲಿಮಾರಿನಾಗ ಇಲ್ಲಂತ ನನಗ್ಯಾಕ ಹೇಳಿದ್ರಿ? ಇದಕ್ಕೊಂದು ಸುಳ್ಳು ಹೇಳಾಂವ ನಾಳಿ ಯಾತಕ್ಕ ಹೇಳಾಂಗಿಲ್ಲ?"

"ಸುಳ್ಳಲ್ರಿ. ನಾನೂ ಇವತ್ತೇ ನೋಡಿದ್ದು."

"ತಂದಿ ತಲಿ ಮಗ ನೋಡಿಲ್ಲ ಅಂದ್ರ ಯಾರು ನಂಬ್ತಾರ್ರಿ?"

ಕಾಕಾ ಕತ್ತಿ ಒರೆಸಿದ. ಅಪ್ಪನ ಮುಖ ನೋಡಿದ. ಅಪ್ಪ ಕನ್ನಡಿಯಲ್ಲೇ ಕಣ್ಣಿನಿಂದ ಹೂಂ ಎಂದ. ಆಮೇಲೆ ಕಾಕಾ ಬಾಯಿ ಬಿಟ್ಟ.

"ಖರೇ ಅದ್ರಿ. ನಾ ಬಂದ್ರ ಈ ಬಾಗಿಲಾ ಹಾಕ್ತಾರ. ಈ ಹುಡುಗ ಹುಟ್ಟಿದಾಗಿನಿಂದ ಈ ತಲಿ ನಾ ಒಬ್ಬನ ನೋಡೀನಿ, ಮತ್ಯಾರೂ ನೋಡಿಲ್ರಿ."

ಒಲೆಯ ಕಡೆಯಿಂದ ಅವ್ವನ ದನಿ ಬಂತು. "ನಾ ನೋಡಿಲ್ಲಂತ ಯಾರಂದ್ರು? ಮೂವತ್ತು ವರ್ಷದಿಂದ ನೋಡೀನಿ. ಹೇಳಬ್ಯಾಡ ಅಂದಿದ್ರು, ಸುಮ್ನಿದ್ದೆ."

ಅಪ್ಪ ನೊರೆಯೊಳಗೇ ನಕ್ಕ. ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡರು. ಮಾವ ನಗಬಾರದೆಂದು ಹಿತ್ತಲ ಮೂಲೆಯ ಬಾಳೆಗಿಡ ನೋಡಲು ಹೋದರು, ಅಲ್ಲಿ ನಿಂತು ಅವರೂ ನಕ್ಕರು. ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಅವಳು ನನ್ನನ್ನು ಕೇಳುವ ಹಾಗಿರಲಿಲ್ಲ, ಕಾಕಾನನ್ನು ಕೇಳಿದಳು.

"ಇವರದು ಪೂರಾ ಹೋಗಾಕ ಎಷ್ಟ್ ದಿನ ಬೇಕ್ರಿ?"

"ಮುಂದಿಂದು ನಾಲ್ಕೈದು ವರ್ಷ ಹಿಡೀತದವಾ. ಹಿಂದಿಂದು ಇರ್ತದ."

"ತಿರುಗಿ ಬರಾಂಗಿಲ್ಲ?"

"ಬರ್ತದಂತ ಹೇಳಿದ್ರ ಸುಳ್ಳಾಗ್ತದ."

ಹುಡುಗಿ ತಲೆಯಾಡಿಸಿದಳು. ಲೆಕ್ಕ ಸರಿಹೋದ ಪಾಟಿಯನ್ನು ಮಗುವಿಗೆ ವಾಪಸು ಕೊಡುವ ಟೀಚರ ಹಾಗೆ. "ಮಾಮಾ, ನನಗ ಒಪ್ಪಿಗಿ ಅದ. ಇಲ್ಲಿ ಕೇಳಿದ್ದಕ್ಕೆಲ್ಲಾ ಉತ್ರ ಸಿಗ್ತದ," ಅಂದಳು.

ಮಾವ ಬಾಳೆಗಿಡದ ಹತ್ತಿರದಿಂದ ಬಂದು, ಅವ್ವ ತಂದಿಟ್ಟ ಚಹಾ ತೆಗೆದುಕೊಂಡು, ಅಪ್ಪನ ಎದುರಿಗೆ ಕಲ್ಲಿನ ಮೇಲೆ ಕೂತರು. "ಯಾವ ತಿಂಗಳಿಗೆ ಇಟ್ಕೊಳ್ಳೋಣ್ರಿ?"

ಅಪ್ಪನ ಅರ್ಧ ಗಡ್ಡ ಇನ್ನೂ ಉಳಿದಿತ್ತು. ಗಲ್ಲ ಅಲುಗಿಸಬೇಡ ಎಂದು ಕಾಕಾ ಎರಡು ಬೆರಳಿನಿಂದ ಅವನ ಮುಖ ಒತ್ತಿ ಹಿಡಿದ. ಅಪ್ಪ ತುಟಿಯಷ್ಟೇ ಆಡಿಸಿ ಹೇಳಿದ:

"ಚಹಾ ಕುಡೀರಿ. ಇದೊಂದು ಮುಗೀಲಿ, ಕೂತು ಮಾತಾಡೋಣ."